ಸಂಗ್ರಹದಿಂದ ಸಂಗ್ರಹಾಲಯಕ್ಕೆ

ಧರ್ಮಶಾಸ್ತ್ರಕಾರರು ಕೊಡುಗೆಯಲ್ಲಿ ಎರಡು ಬಗೆಗಳನ್ನು ಹೇಳಿರುವರು. ಗೋವನ್ನೋ ಭೂಮಿಯನ್ನೋ ಇಂಥವನಿಗೆಂದು ಗೊತ್ತುಮಾಡಿ ಧಾರೆಯೆರೆದು ಕೊಟ್ಟರೆ ಅದು ದಾನವೆನಿಸುವುದು. ಕೆರೆಯನ್ನೋ ತೋಪನ್ನೋ ಮಾಡಿಸಿ, ಇನ್ನು ಮೇಲೆ ಇದು ಸರ್ವರಿಗೂ ಸೇರಿತೆಂದು ಸಂಕಲ್ಪಮಾಡಿ ಬಿಟ್ಟುಕೊಟ್ಟರೆ ಅದು ಉತ್ಸರ್ಗವೆನಿಸುವುದು. ದಾನಮಾಡಿದ ವಸ್ತುವಿನಲ್ಲಿ ಕೊಟ್ಟವನಿಗೆ ಮತ್ತೆ ಪಾಲಿಲ್ಲ. ಉತ್ಸರ್ಗಮಾಡಿದ ಕೆರೆಯಲ್ಲಾದರೋ ಅವನೂ ತನ್ನ ಕೊಡವನ್ನು ತುಂಬಿಕೊಳ್ಳಬಹುದು. ಆದರೆ ಊರವರಲ್ಲಿ ಒಬ್ಬನಾಗಿ ಮಾತ್ರ, ಒಡೆಯನಾಗಿ ಅಲ್ಲ. ಈ ಭೇದವು ಮೇಲುನೋಟಕ್ಕೆ ಕೇವಲ ಶಾಸ್ತ್ರಚರ್ಚೆಯಂತೆ ತೋರಬಹುದು. ಆದರೂ ಧನಿಕನೊಬ್ಬನು ತನ್ನ ಸಂತೋಷಕ್ಕಾಗಿ ಕೂಡಿಸಿದ ಚಿತ್ರ, ಶಿಲ್ಪ, ಗ್ರಂಥಗಳು ಸಾರ್ವಜನಿಕ ಸಂಗ್ರಹಾಲಯವಾಗಿ ಮಾರ್ಪಡುವ ಬಗೆಯನ್ನು ತೂಗಿನೋಡುವುದಕ್ಕೆ ಇದಕ್ಕಿಂತ ನೇರವಾದ ಅಳತೆಗೋಲು ದೊರೆಯುವುದು ಕಷ್ಟ.

ಮನೆಯ ಬಾಗಿಲನ್ನು ತೆರೆದು ಜನರನ್ನು ಒಳಗೆ ಬಿಟ್ಟಮಾತ್ರಕ್ಕೆ ಸಂಗ್ರಹವು ಸಂಗ್ರಹಾಲಯವಾಗುವುದೆಂದು ಅನೇಕರು ತಿಳಿದಿರುವರು. ಅರಸರೂ ಸರದಾರರೂ ಹಬ್ಬಹರಿದಿನಗಳಲ್ಲಿ ತಮ್ಮ ಮನೆಯ ವೈಭವವನ್ನು ಹೊರಗಿನವರಿಗೆ ತೋರಿಸಿದುದುಂಟು. ಆದರೆ ಅಲ್ಲಿ ನೋಡುವವನು ಅತಿಥಿ. ತೋರಿಸುವವನ ಔದಾರ್ಯಕ್ಕೆ ಋಣಿ. ಸಂಗ್ರಹಾಲಯದಲ್ಲಿ ನೋಡುವವನು ಹಕ್ಕುದಾರ. ಅತಿಥಿಯು ಹಕ್ಕುದಾರನಾಗಬೇಕಾದರೆ ನಡುವೆ ಏನೇನು ನಡೆಯಬೇಕು? ಅದರಲ್ಲಿ ದೊರೆಯುವುದೇನು, ಕಳೆಯುವುದೇನು? ಈ ಪ್ರಶ್ನೆಗಳಿಗೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ. ಕನ್ನಡಿಗರಿಗೆ ಅದು ಕೇವಲ ಪರಸ್ಥಳದ ಕಥೆಯೂ ಅಲ್ಲ. ಅದರ ಕಾರಣವು ಮುಂದೆ ತಿಳಿದುಬರುವುದು.

ಸಾಲಾರ್ ಜಂಗ್ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ. ನಿಜಾಮರ ಸಂಸ್ಥಾನದಲ್ಲಿ ಒಂದು ಮನೆತನದವರು ಪೀಳಿಗೆಯಿಂದ ಪೀಳಿಗೆಗೆ ಧರಿಸಿದ ಬಿರುದು. ಮೊದಲನೆಯ ಸಾಲಾರ್ ಜಂಗರೆನಿಸಿದ ಮೀರ್ ತುರಾಬ್ ಅಲಿ ಖಾನರು 1853ರಿಂದ 1883ರಲ್ಲಿ ತೀರಿಕೊಳ್ಳುವವರೆಗೂ ಹೈದರಾಬಾದಿನ ದಿವಾನರಾಗಿದ್ದರು. 1876ರಲ್ಲಿ ಅವರು ಯೂರೋಪಿಗೆ ಹೋಗಿದ್ದಾಗ, ಇಟಲಿಯ ಶಿಲ್ಪಿ ಬೆಂಜೋನಿಯು ಕಡೆದ ‘ಮುಸುಕಿನ ರೆಬೆಕ್ಕಾ’ ಎಂಬ ಅಮೃತಶಿಲೆಯ ಪ್ರತಿಮೆಯನ್ನು ರೋಮಿನಲ್ಲಿ ಕೊಂಡರು. ಅವರ ಮಗ ಎರಡನೆಯ ಸಾಲಾರ್ ಜಂಗರು 1889ರಲ್ಲಿ ಕಾಲವಾದಾಗ, ಮೊಮ್ಮಗ ಮೀರ್ ಯೂಸುಫ್ ಅಲಿ ಖಾನರು ಇನ್ನೂ ತಿಂಗಳು ತುಂಬದ ಕೂಸು. ಆ ಕೂಸೇ ಬೆಳೆದು ಮೂರನೆಯ ಸಾಲಾರ್ ಜಂಗರಾಗಿ, 1912ರಲ್ಲಿ ದಿವಾನ ಪದವಿಯನ್ನು ಹೊಂದಿ, 1914ರಲ್ಲಿ ಅದನ್ನು ಬಿಟ್ಟುಕೊಟ್ಟಿತು. ಆಗ ಅವರಿಗೆ ವಯಸ್ಸು ಇಪ್ಪತ್ತೈದು. ಮುಂದಿನ ಮೂವತ್ತೈದು ವರ್ಷಗಳು ಅವರಿಗೆ ಬೇರೆ ಪದವಿಯಿಲ್ಲ, ಮದುವೆಯಿಲ್ಲ, ಮಕ್ಕಳಿಲ್ಲ. ಕೊಳ್ಳುವುದೇ ಕೆಲಸವಾಯಿತು. ದೇಶವಿದೇಶಗಳ ವ್ಯಾಪಾರಿಗಳು ಅವರ ಮನೆಯಾದ ದಿವಾನ್ ದೇವಡಿಯನ್ನು ಹುಡುಕಿಕೊಂಡು ಬಂದರು. ಪಾರಸೀಕದ ರತ್ನಗಂಬಳಿ, ಚೀಣದ ಪಿಂಗಾಣಿ, ಜಪಾನಿನ ಕುಸುರಿ, ಫ್ರಾನ್ಸಿನ ಪೀಠೋಪಕರಣ, ಮೊಗಲರ ಆಯುಧ, ದಖನಿನ ಚಿತ್ರ, ಅರಬ್ಬೀ ಪಾರಸೀ ಹಸ್ತಪ್ರತಿಗಳು, ಕೊನೆಗೆ ಮಕ್ಕಳ ಆಟಿಕೆಗಳು ಸಹ ಒಂದರ ಮೇಲೊಂದರಂತೆ ಆ ಮನೆಯನ್ನು ತುಂಬಿದುವು. ಎಣಿಕೆಗೆ ತೆಗೆದುಕೊಂಡಾಗ ಕಲಾವಸ್ತುಗಳೇ ಸುಮಾರು 43,000; ಹಸ್ತಪ್ರತಿಗಳು ಸುಮಾರು 9,000.

ಇಷ್ಟನ್ನು ಕೂಡಿಸಿದ ಹಣವು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಕಲಾವಿಮರ್ಶಕರು ಸಾಮಾನ್ಯವಾಗಿ ಎತ್ತುವುದಿಲ್ಲ. ಎತ್ತದಿದ್ದರೆ ವಿಚಾರವು ಅಪೂರ್ಣವಾಗುವುದು. ಸಾಲಾರ್ ಜಂಗರ ಮನೆತನವು ವಿಸ್ತಾರವಾದ ಜಹಗೀರುಗಳನ್ನು ಅನುಭವಿಸುತ್ತಿದ್ದಿತು. ಅವುಗಳಲ್ಲಿ ಕೊಪ್ಪಳದ ಸೀಮೆಯೂ ಒಂದು. ಅಶೋಕನ ಶಾಸನಗಳನ್ನು ಹೊತ್ತ ಗವಿಮಠದ ಬೆಟ್ಟವೂ ಪಾಲ್ಕಿಗುಂಡುವೂ ಇರುವ ಊರು ಅದು. ತಿರುಳ್ಗನ್ನಡದ ನಾಡಿನ ಗುರುತಿಗಾಗಿ ‘ಕವಿರಾಜಮಾರ್ಗ’ವು ಹೆಸರಿಸಿರುವ ಪಟ್ಟಣಗಳಲ್ಲಿ ಕೊಪಣವೆಂಬುದು ಇದೇ. ಆ ಎರೆಯ ಹೊಲಗಳಲ್ಲಿ ಜೋಳವನ್ನೂ ಹತ್ತಿಯನ್ನೂ ಬೆಳೆದ ಒಕ್ಕಲಿಗನು ಕೊಟ್ಟ ಕಂದಾಯದಲ್ಲಿ ಒಂದು ಪಾಲಾದರೂ ರೋಮಿನ ಶಿಲ್ಪಿಗೂ ಲಂಡನ್ನಿನ ವ್ಯಾಪಾರಿಗೂ ಸಂದಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಬರಗಾಲದಲ್ಲಿಯೂ ಸುಗ್ಗಿಯಲ್ಲಿಯೂ ಅವನು ಕೊಟ್ಟನು. ಕೊಂಡ ವಸ್ತುವನ್ನು ಮಾತ್ರ ಕಣ್ಣಿನಿಂದಲೂ ಕಾಣಲಿಲ್ಲ. ಇದನ್ನು ಹೇಳುವುದರಿಂದ ಸಂಗ್ರಾಹಕರ ರಸಿಕತೆಗೆ ಕಳಂಕವನ್ನು ಹಚ್ಚಿದಂತಾಗಲಿಲ್ಲ. ಜಹಗೀರುದಾರರಲ್ಲಿ ಬಹುಮಂದಿ ಅಂಥ ಹಣವನ್ನು ಕುದುರೆಗೂ ಬೇಟೆಗೂ ಕಳೆದರು. ಇವರು ಕಲೆಗೆ ಕಳೆದರು, ಆದುದರಿಂದ ಉಳಿಯಿತು. ಆದರೆ ಉಳಿದುದರಲ್ಲಿ ಯಾರ ಹಕ್ಕಿದೆಯೆಂಬ ವಿಚಾರ ಬಂದಾಗ ಕೊಪ್ಪಳದ ಒಕ್ಕಲನ್ನು ಮರೆಯುವಂತಿಲ್ಲ.

ಮೂರನೆಯ ಸಾಲಾರ್ ಜಂಗರು 1949ರ ಮಾರ್ಚಿ 2ರಂದು ತೀರಿಕೊಂಡರು. ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿ ಆಗಿನ್ನೂ ಆರು ತಿಂಗಳಾಗಿದ್ದಿತು. ಅದೇ 1949ರಲ್ಲಿಯೇ ಆ ಸಂಸ್ಥಾನದ ಜಹಗೀರುಗಳೆಲ್ಲ ರದ್ದಾದುವು. ಒಡೆಯನಿಲ್ಲ, ನೇರ ವಾರಸುದಾರನಿಲ್ಲ, ಆದಾಯದ ಮೂಲವಾದ ಜಹಗೀರೂ ಇಲ್ಲ. ಒಂದು ಮನೆಯ ತುಂಬ ವಸ್ತುಗಳು ಮಾತ್ರ ಇವೆ. ಇಂಥ ಸ್ಥಿತಿಯಲ್ಲಿ ಸಂಗ್ರಹಗಳಿಗೆ ಸಾಮಾನ್ಯವಾಗಿ ಒದಗುವ ಗತಿಯು ಹರಾಜು. ದಾಯಾದಿಗಳು ಪಾಲುಹಂಚಿಕೊಳ್ಳುವರು, ವ್ಯಾಪಾರಿಗಳು ಕೊಳ್ಳುವರು, ಮೂವತ್ತು ವರ್ಷಗಳಲ್ಲಿ ಒಂದೆಡೆ ಸೇರಿದುದು ಮೂರು ದಿನಗಳಲ್ಲಿ ಮೂವತ್ತು ಊರುಗಳ ಪಾಲಾಗುವುದು. ಇಲ್ಲಿ ಹಾಗೆ ಆಗಲಿಲ್ಲ. ಆಸ್ತಿಯನ್ನು ನೋಡಿಕೊಳ್ಳಲು ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. ಆಗ ಹೈದರಾಬಾದಿನ ಆಡಳಿತದ ಮುಖ್ಯಸ್ಥರಾಗಿದ್ದ ವೆಳ್ಳೋಡಿಯವರು, ಚೆಲ್ಲಾಪಿಲ್ಲಿಯಾಗಿದ್ದ ವಸ್ತುಗಳನ್ನು ಒಂದು ಕ್ರಮಕ್ಕೆ ತರುವಂತೆ ಐರಿಷ್ ಕವಿಯೂ ಕಲಾವಿಮರ್ಶಕರೂ ಆದ ಜೇಮ್ಸ್ ಕಸಿನ್ಸರನ್ನು ಕೇಳಿಕೊಂಡರು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಸಂಗ್ರಹಾಲಯವನ್ನು ತೆರೆದರು.

ಬಾಗಿಲು ತೆರೆದಿತು, ಒಡೆತನದ ಪ್ರಶ್ನೆಯು ಮಾತ್ರ ಮುಗಿಯಲಿಲ್ಲ. ಬಂಧುಗಳ ಹಕ್ಕುಗಳು ನ್ಯಾಯಸ್ಥಾನದ ಮುಂದೆ ಇದ್ದುವು. 1958ರಲ್ಲಿ ಉಚ್ಚ ನ್ಯಾಯಾಲಯದ ಡಿಕ್ರಿಯ ಮೂಲಕ ರಾಜಿಪತ್ರವಾಗಿ, ಸಂಗ್ರಹವು ಭಾರತ ಸರ್ಕಾರದ ವಶವಾಯಿತು. 1961ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ ಅದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಸಾರಿತು. ರಾಜ್ಯಪಾಲರ ಅಧ್ಯಕ್ಷತೆಯ ಒಂದು ಮಂಡಲಿಗೆ ಆಡಳಿತವು ಒಪ್ಪಿಸಲ್ಪಟ್ಟಿತು. 1968ರಲ್ಲಿ ವಸ್ತುಗಳು ಮೂಸಿ ನದಿಯ ದಕ್ಷಿಣದಂಡೆಯ ಹೊಸ ಕಟ್ಟಡವನ್ನು ಸೇರಿದುವು. ಹೀಗೆ ಮರಣದಿಂದ ಹೊಸಮನೆಯವರೆಗೆ ಹತ್ತೊಂಬತ್ತು ವರ್ಷಗಳು ಹಿಡಿದುವು. ಬಾಗಿಲು ತೆರೆದ ದಿನವೇ ಸಂಗ್ರಹಾಲಯದ ಜನ್ಮದಿನವೆಂದು ಎಣಿಸುವವರು ಈ ಲೆಕ್ಕವನ್ನು ಗಮನಿಸಬೇಕು. 1951ರಲ್ಲಿ ಒಳಗೆ ಬಂದವನು ಅತಿಥಿಗಿಂತ ಹೆಚ್ಚಿನವನಾಗಿದ್ದರೂ ಪೂರ್ಣ ಹಕ್ಕುದಾರನಾಗಿರಲಿಲ್ಲ. ಅವನನ್ನು ಹಕ್ಕುದಾರನನ್ನಾಗಿ ಮಾಡಿದುದು ರಾಜಿಪತ್ರ ಮತ್ತು ಶಾಸನಗಳೆಂಬ ಎರಡು ಕಾಗದಗಳು. ರಸಿಕರು ಅವುಗಳನ್ನು ನೀರಸವೆಂದು ಬದಿಗಿಡಬಹುದು. ಆದರೆ ಕೆರೆಗೆ ಏರಿಯಿರುವಂತೆ ಸಂಗ್ರಹಾಲಯಕ್ಕೆ ಶಾಸನ. ಏರಿಯು ಸುಂದರವಾಗಿರಬೇಕಾಗಿಲ್ಲ, ಒಡೆಯದಿದ್ದರೆ ಸಾಕು.

ಇಲ್ಲಿ ಒಂದು ವಿಲಕ್ಷಣವಾದ ಸಂಗತಿಯಿದೆ. ಈ ಉತ್ಸರ್ಗವನ್ನು ಸಂಕಲ್ಪಿಸಿದವನು ಒಡೆಯನಲ್ಲ. ಒಡೆಯನು ಕೂಡಿಸಿದನು, ಬಿಟ್ಟುಕೊಟ್ಟವರು ಬೇರೆ. ಇದರ ಗುಣದೋಷಗಳನ್ನು ತಿಳಿಯಲು, ಒಡೆಯರೇ ಸಂಕಲ್ಪಮಾಡಿದ ಕೆಲವು ನಿದರ್ಶನಗಳನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ.

ಮೊದಲನೆಯದು ಫ್ಲಾರೆನ್ಸಿನದು. ಮೂರು ಶತಮಾನಗಳ ಕಾಲ ಕಲೆಗೆ ಆಶ್ರಯವಾಗಿದ್ದ ಮೆಡಿಚಿ ಮನೆತನವು 1737ರಲ್ಲಿ ಗಂಡುಸಂತಾನವಿಲ್ಲದೆ ನಿಂತುಹೋಯಿತು. ಉಳಿದವಳು ಆನಾ ಮಾರಿಯಾ ಲೂಯಿಸಾ ಎಂಬ ವಿಧವೆ. ರಾಜ್ಯವು ಲೊರೇನಿನ ಪ್ರಭುವಿನ ಪಾಲಾಯಿತು. ಆಕೆಯು ಅದೇ ವರ್ಷದ ಅಕ್ಟೋಬರಿನಲ್ಲಿ ಅವನೊಡನೆ ಒಂದು ಕರಾರನ್ನು ಮಾಡಿಕೊಂಡಳು: ಮನೆತನದ ಚಿತ್ರ, ಶಿಲ್ಪ, ಗ್ರಂಥ, ರತ್ನಗಳೆಲ್ಲ ಹೊಸ ಪ್ರಭುವಿಗೆ ಸೇರುವುವು, ಆದರೆ ರಾಜ್ಯದ ಅಲಂಕಾರಕ್ಕಾಗಿಯೂ ಜನರ ಉಪಯೋಗಕ್ಕಾಗಿಯೂ ಇರುವ ಈ ವಸ್ತುಗಳಲ್ಲಿ ಒಂದನ್ನೂ ಪಟ್ಟಣದಿಂದ ಹೊರಗೆ ಸಾಗಿಸಕೂಡದು. ಆಕೆ 1743ರಲ್ಲಿ ತೀರಿಕೊಂಡಳು. 1769ರಲ್ಲಿ ಉಫೀಜಿ ಚಿತ್ರಶಾಲೆಯು ಸಾರ್ವಜನಿಕರಿಗೆ ತೆರೆಯಿತು. ಗೆದ್ದುಬಂದ ಪ್ರಭುಗಳು ಸಂಪತ್ತನ್ನು ಬಂಡಿಗಳ ಮೇಲೆ ಹೇರಿ ಸಾಗಿಸುವುದು ಸಹಜವಾಗಿದ್ದ ಕಾಲದಲ್ಲಿ ಒಬ್ಬ ಹೆಂಗಸಿನ ಕಾಗದವೊಂದು ಒಂದು ಪಟ್ಟಣದ ಕಲೆಯನ್ನು ಅಲ್ಲಿಯೇ ನಿಲ್ಲಿಸಿತು. ಆಕೆ ವಿಧಿಸಿದ ನಿಬಂಧನೆಯು ಸ್ಥಳವನ್ನು ಕುರಿತದ್ದು. ಯಾವ ಚಿತ್ರವು ಯಾವ ಗೋಡೆಯ ಮೇಲಿರಬೇಕೆಂದು ಆಕೆ ಮುಂದಿನವರ ಕೈಯನ್ನು ಕಟ್ಟಲಿಲ್ಲ. ಉತ್ಸರ್ಗದ ಲಕ್ಷಣಕ್ಕೆ ಇದು ಬಹಳ ಸಮೀಪವಾದುದು.

ಎರಡನೆಯದು ಲಂಡನ್ನಿನದು. ವೈದ್ಯನಾದ ಸರ್ ಹ್ಯಾನ್ಸ್ ಸ್ಲೋನನು 1753ರಲ್ಲಿ ತೀರಿಕೊಂಡಾಗ ಅವನ ಬಳಿ ಸುಮಾರು 71,000 ವಸ್ತುಗಳಿದ್ದುವು. ತನ್ನ ಹೆಣ್ಣುಮಕ್ಕಳಿಗೆ 20,000 ಪೌಂಡುಗಳನ್ನು ಕೊಟ್ಟರೆ ಎಲ್ಲವೂ ರಾಷ್ಟ್ರಕ್ಕೆ ಸೇರಲಿ ಎಂದು ಅವನು ಮರಣಶಾಸನವನ್ನು ಬರೆದಿಟ್ಟಿದ್ದನು. ಪಾರ್ಲಿಮೆಂಟು ಒಪ್ಪಿ, ಲಾಟರಿಯನ್ನು ಎತ್ತಿ ಹಣವನ್ನು ಕೂಡಿಸಿತು. 1759ರಲ್ಲಿ ಬ್ರಿಟಿಷ್ ಮ್ಯೂಜಿಯಂ ತೆರೆಯಿತು. ಪ್ರವೇಶಕ್ಕೆ ಹಣವಿರಲಿಲ್ಲ, ಆದರೆ ಮೊದಲೇ ಅರ್ಜಿ ಬರೆದು ಚೀಟಿಯನ್ನು ಪಡೆಯಬೇಕಾಗಿದ್ದಿತು. ಅರ್ಜಿ ಬರೆಯಲು ಬಾರದವನು ರಾಷ್ಟ್ರದೊಳಗಿನವನೇ ಆಗಿದ್ದರೂ ಸಂಗ್ರಹಾಲಯದ ಹೊರಗಿನವನು. ಸ್ಲೋನನದು ಅರ್ಧ ದಾನ, ಅರ್ಧ ವಿಕ್ರಯ. ಅವನ ಐಶ್ವರ್ಯದ ಒಂದು ಭಾಗವು ಹೆಂಡತಿಯ ಕಡೆಯಿಂದ ಬಂದ ಜಮೈಕಾ ದ್ವೀಪದ ತೋಟಗಳದು. ಅಲ್ಲಿ ದುಡಿದವರು ಗುಲಾಮರು. 2020ರಲ್ಲಿ ಆ ಸಂಸ್ಥೆಯು ಸ್ಲೋನನ ಪ್ರತಿಮೆಯನ್ನು ಅದರ ಪೀಠದಿಂದ ಇಳಿಸಿ, ಈ ಸಂಗತಿಯನ್ನು ವಿವರಿಸುವ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿತು. ಕೊಪ್ಪಳದ ಒಕ್ಕಲಿನ ಸ್ಥಿತಿಯು ಗುಲಾಮಗಿರಿಗೆ ಸಮವಲ್ಲ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಹಣದ ಮೂಲವನ್ನು ಹೇಳುವುದರಿಂದ ಸಂಗ್ರಹಾಲಯದ ಗೌರವವು ಕುಗ್ಗುವುದಿಲ್ಲವೆಂಬ ಪಾಠವು ಎರಡೂ ಕಡೆಗೆ ಸಲ್ಲುವುದು.

ಮೂರನೆಯ ಬಗೆಯ ನಿದರ್ಶನಗಳು ಅಮೇರಿಕೆಯವು. ಬಾಸ್ಟನ್ ನಗರದ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್‌ನರ್ ಎಂಬಾಕೆ ತನ್ನ ಮನೆಯನ್ನೇ ಸಂಗ್ರಹಾಲಯವಾಗಿ ಕಟ್ಟಿಸಿ 1903ರಲ್ಲಿ ತೆರೆದಳು. 1924ರಲ್ಲಿ ತೀರಿಕೊಂಡಾಗ ಆಕೆಯ ಮರಣಶಾಸನದಲ್ಲಿ, ತಾನಿಟ್ಟ ವಸ್ತುಗಳನ್ನು ಇಟ್ಟ ಕ್ರಮದಿಂದ ಕದಲಿಸಬಾರದು; ಕದಲಿಸಿದರೆ ಎಲ್ಲವನ್ನೂ ಮಾರಿ ಹಣವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕೊಡಬೇಕು ಎಂದಿದ್ದಿತು. 1990ರ ಮಾರ್ಚಿಯಲ್ಲಿ ಒಂದು ರಾತ್ರಿ ಕಳ್ಳರು ನುಗ್ಗಿ 13 ಕೃತಿಗಳನ್ನು ಒಯ್ದರು. ಚಿತ್ರಗಳಿದ್ದ ಬರಿಯ ಚೌಕಟ್ಟುಗಳು ಇಂದಿಗೂ ಅಲ್ಲಿ ತೂಗುತ್ತಿವೆ. ಆಲ್ಬರ್ಟ್ ಬಾರ್ನ್ಸ್ ಎಂಬವನು 1922ರಲ್ಲಿ ಫಿಲಡೆಲ್ಫಿಯಾದ ಬಳಿಯ ಮೆರಿಯನ್ನಿನಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿಯೂ ಚಿತ್ರಗಳನ್ನು ಇದ್ದಲ್ಲಿಯೇ ಇಡಬೇಕೆಂಬ ನಿಬಂಧನೆಯಿದ್ದಿತು. ಅವನು 1951ರಲ್ಲಿ ಸತ್ತನು. ಹಣದ ಮುಗ್ಗಟ್ಟೊದಗಿ, ಸಂಸ್ಥೆಯು ನಗರಕ್ಕೆ ಸ್ಥಳಾಂತರವಾಗಬಹುದೆಂದು 2004ರಲ್ಲಿ ನ್ಯಾಯಾಧೀಶನು ಅಪ್ಪಣೆಕೊಟ್ಟನು. 2012ರಲ್ಲಿ ತೆರೆದ ಹೊಸ ಕಟ್ಟಡದೊಳಗೆ ಹಳೆಯ ಕೋಣೆಗಳ ಅಳತೆಯನ್ನೂ ಚಿತ್ರಗಳ ಕ್ರಮವನ್ನೂ ಹಾಗೆಯೇ ಮತ್ತೆ ನಿರ್ಮಿಸಿದರು. ಇವರಿಬ್ಬರೂ ಕೊಟ್ಟರು, ಕೊಟ್ಟ ಮೇಲೆಯೂ ಹಿಡಿದ ಕೈಯನ್ನು ಸಡಿಲಿಸಲಿಲ್ಲ. ಅದರಿಂದ ಒಂದು ಲಾಭವುಂಟು: ಕೂಡಿಸಿದವನ ದೃಷ್ಟಿಯು ಅಳಿಯದೆ ಉಳಿಯುವುದು. ನಷ್ಟವೂ ಉಂಟು: ಬದುಕಿರುವವರ ಮೇಲೆ ಸತ್ತವರ ಆಳಿಕೆ ನಡೆಯುವುದು. ಕೆರೆಯನ್ನು ಬಿಟ್ಟುಕೊಟ್ಟವನು, ಇಂಥ ಮೆಟ್ಟಿಲಿನಿಂದಲೇ ಇಳಿದು ಇಷ್ಟೇ ನೀರನ್ನು ಮೊಗೆಯಬೇಕೆಂದು ಕಟ್ಟುಮಾಡಿದಂತೆ.

ಈ ಮೂರರ ನಡುವೆ ಸಾಲಾರ್ ಜಂಗ್ ಸಂಗ್ರಹದ ಸ್ಥಾನವೇನು? ಒಡೆಯನ ನಿಬಂಧನೆಯಿಲ್ಲದೆ ಅದು ಸಾರ್ವಜನಿಕರ ಕೈಸೇರಿತು. ಆದುದರಿಂದ ಮುಂದಿನವರಿಗೆ ಪೂರ್ಣ ಸ್ವಾತಂತ್ರ್ಯವಿದ್ದಿತು. ದಿವಾನ್ ದೇವಡಿಯಲ್ಲಿ ವಸ್ತುಗಳು ಒಂದು ಮನೆಯ ವಸ್ತುಗಳಾಗಿದ್ದುವು. ಹೊಸ ಕಟ್ಟಡದಲ್ಲಿ ಅವು ಜಾತಿಗಳಾಗಿ ವಿಂಗಡವಾದುವು: ಭಾರತದ್ದು ಒಂದು ಕಡೆ, ಪೂರ್ವದೇಶಗಳದ್ದು ಒಂದು ಕಡೆ, ಯೂರೋಪಿನದು ಒಂದು ಕಡೆ, ಪಿಂಗಾಣಿ ಬೇರೆ, ದಂತ ಬೇರೆ, ಆಯುಧ ಬೇರೆ. ದೇವಡಿಯ ಬಹುಭಾಗವೇ ಕಾಲಕ್ರಮದಲ್ಲಿ ಇಲ್ಲವಾಯಿತು. ಹೀಗೆ ವಿದ್ಯಾರ್ಥಿಗೆ ಲಾಭವಾಯಿತು. ಚೀಣದ ಪಿಂಗಾಣಿಯ ಬೆಳವಣಿಗೆಯನ್ನು ಒಂದೇ ಕೋಣೆಯಲ್ಲಿ ಓದಿಕೊಳ್ಳಬಹುದು. ಆದರೆ ಕಳೆದುಹೋದುದೂ ಇದೆ. ಯಾವ ವಸ್ತುವು ಯಾವುದರ ಪಕ್ಕದಲ್ಲಿದ್ದಿತು, ಯಾವುದನ್ನು ಅವರು ಮಲಗುವ ಕೋಣೆಯಲ್ಲಿಟ್ಟಿದ್ದರು, ಯಾವುದನ್ನು ಅತಿಥಿಗಳಿಗೆ ತೋರಿಸುತ್ತಿದ್ದರು ಎಂಬುದು ಸಂಗ್ರಾಹಕರ ಮನಸ್ಸನ್ನು ಓದಲು ಬೇಕಾದ ವ್ಯಾಕರಣ. ಜಾತಿವಿಂಗಡಣೆಯಲ್ಲಿ ಪದಗಳೆಲ್ಲ ಉಳಿದುವು, ವಾಕ್ಯವು ಮುರಿಯಿತು. ಆ ವಾಕ್ಯವು ಒಬ್ಬ ಶ್ರೀಮಂತನ ಸ್ವಗತವಾಗಿದ್ದುದರಿಂದ ಮುರಿದರೇನೆಂದು ಕೇಳಬಹುದು. ಆದರೂ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಖನಿನ ಸರದಾರನೊಬ್ಬನು ಪೂರ್ವಪಶ್ಚಿಮಗಳನ್ನು ಒಂದೇ ಸೂರಿನ ಕೆಳಗೆ ಹೇಗೆ ಕಂಡನೆಂಬುದೂ ಚರಿತ್ರೆಯೇ. ಸ್ಥಾಪಕರಿಗಾಗಿ ಒಂದು ಕೋಣೆಯನ್ನು ಮೀಸಲಿಟ್ಟಿರುವುದು ಈ ಕೊರತೆಯನ್ನು ಸ್ವಲ್ಪ ತುಂಬುವುದು, ಪೂರ್ಣವಾಗಿ ತುಂಬಲಾರದು.

ಈ ಸಂದರ್ಭದಲ್ಲಿ ಕಸಿನ್ಸರ ವಿಷಯವಾಗಿ ಎರಡು ಮಾತು ಅವಶ್ಯ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ನೂತನ ಭಾರತೀಯ ಚಿತ್ರಕಲೆಗೆ ಸ್ಥಾನ ದೊರೆಯುವಂತೆ ಮಾಡಿದವರಲ್ಲಿ ಅವರು ಪ್ರಮುಖರು. 1935ರಲ್ಲಿ ತಿರುವನಂತಪುರದ ಶ್ರೀಚಿತ್ರಾಲಯವನ್ನು ಅಣಿಗೊಳಿಸಿದವರೂ ಅವರೇ. ಹೈದರಾಬಾದಿಗೆ ಅವರು ಬಂದಾಗ ಎಪ್ಪತ್ತೈದು ವರ್ಷಗಳನ್ನು ದಾಟಿದ್ದರು. ಹೀಗೆ ದಕ್ಷಿಣದ ಮೂರು ಸಂಸ್ಥಾನಗಳ ಕಲಾಸಂಪತ್ತನ್ನು ಅರಮನೆಯ ಒಳಮನೆಯಿಂದ ಜನರ ಕಣ್ಣಿನ ಮುಂದೆ ತರುವುದರಲ್ಲಿ ಒಬ್ಬನೇ ವಿದೇಶೀಯ ಕವಿಯ ಕೈಯಿದ್ದಿತು. ಒಡೆಯನೂ ಅಲ್ಲದೆ, ಅಧಿಕಾರಿಯೂ ಅಲ್ಲದೆ, ಕೇವಲ ನೋಡಬಲ್ಲವನಾಗಿದ್ದ ಅಂಥವರ ಸೇವೆಯು ಶಾಸನಗಳಲ್ಲಿ ಕಾಣಿಸದಿದ್ದರೂ ಅದಿಲ್ಲದೆ ಯಾವ ಸಂಗ್ರಹಾಲಯವೂ ಹುಟ್ಟುವುದಿಲ್ಲ.

ಒಡೆತನವು ಸರ್ಕಾರಕ್ಕೆ ಬಂದುದೇ ಸಾರ್ವಜನಿಕತೆಯೆಂಬ ಇನ್ನೊಂದು ಭ್ರಮೆಯನ್ನು ಕಳೆಯಲು ಅದೇ ಹೈದರಾಬಾದಿನ ಮತ್ತೊಂದು ಸಂಗತಿಯು ಸಾಕು. ನಿಜಾಮರ ಆಭರಣಗಳನ್ನು ಭಾರತ ಸರ್ಕಾರವು ದೀರ್ಘವಾದ ವ್ಯಾಜ್ಯದ ಬಳಿಕ 1995ರಲ್ಲಿ 218 ಕೋಟಿ ರೂಪಾಯಿಗಳನ್ನು ಕೊಟ್ಟು ಕೊಂಡಿತು. ಅವು 173 ಆಭರಣಗಳು. 2001ರಲ್ಲಿಯೂ 2006ರಲ್ಲಿಯೂ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿಯೇ ಅವು ಪ್ರದರ್ಶಿತವಾದುವು. 2019ರಲ್ಲಿ ದೆಹಲಿಯಲ್ಲಿ ಪ್ರದರ್ಶಿತವಾದುವು. ಉಳಿದ ಕಾಲದಲ್ಲಿ ಬಹುಮಟ್ಟಿಗೆ ರಿಸರ್ವ್ ಬ್ಯಾಂಕಿನ ಭದ್ರವಾದ ಕೋಣೆಯಲ್ಲಿದ್ದುವು. ಅವು ರಾಷ್ಟ್ರದ ಸೊತ್ತು, ನಿಜ. ಆದರೆ ಪೆಟ್ಟಿಗೆಯೊಳಗಿನ ಒಡವೆಯು ನಿಜಾಮನ ಪೆಟ್ಟಿಗೆಯಲ್ಲಿದ್ದರೇನು, ರಾಷ್ಟ್ರದ ಪೆಟ್ಟಿಗೆಯಲ್ಲಿದ್ದರೇನು? ಹಣಕೊಟ್ಟ ರಾಷ್ಟ್ರಕ್ಕೆ ಒಡೆತನವು ದೊರೆಯಿತು, ನೋಟವು ದೊರೆಯಲಿಲ್ಲ. ಸಾಲಾರ್ ಜಂಗರ ಸಂಗ್ರಹವಾದರೋ ದಿನದಿನವೂ ಜನರ ಕಣ್ಣಿಗೆ ಬೀಳುತ್ತಿದೆ. ಇವೆರಡರಲ್ಲಿ ಯಾವುದು ಕೆರೆ, ಯಾವುದು ಹಗೇವು ಎಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ, ಜಹಗೀರೂ ಇಲ್ಲದೆ ರಾಜ್ಯವೂ ಇಲ್ಲದೆ ಕೂಡಿಸಿದವರ ಒಂದು ನಿದರ್ಶನವು ಪುಣೆಯಲ್ಲಿದೆ. ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆಗಳನ್ನು ಬರೆದ ದಿನಕರ ಕೇಳಕರರು 1920ರ ಸುಮಾರಿಗೆ ಹಳೆಯ ಮನೆಗಳ ದೀಪ, ಅಡಕೊತ್ತು, ಬಾಗಿಲುವಾಡ, ಅಡಿಗೆಯ ಪಾತ್ರೆಗಳನ್ನು ಕೂಡಿಸತೊಡಗಿದರು. ಬಾಲ್ಯದಲ್ಲಿಯೇ ತೀರಿಕೊಂಡ ರಾಜಾ ಎಂಬ ಮಗನ ನೆನಪಿಗಾಗಿ ಸಂಗ್ರಹಾಲಯಕ್ಕೆ ಅವನ ಹೆಸರನ್ನಿಟ್ಟರು. 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಆಮೇಲೆ ಹದಿನೈದು ವರ್ಷ ಬದುಕಿ 1990ರಲ್ಲಿ ತೀರಿಕೊಂಡರು. ತಾನು ಕಟ್ಟಿದ ಕೆರೆಯಿಂದ ಊರವರಲ್ಲಿ ಒಬ್ಬನಾಗಿ ನೀರು ತುಂಬಿಕೊಳ್ಳುವ ಭಾಗ್ಯವೆಂದರೆ ಇದೇ. ಸಾಲಾರ್ ಜಂಗರಿಗೆ ಅದು ಲಭಿಸಲಿಲ್ಲ.

ಇನ್ನು ಸಂಗ್ರಹಾಲಯದ ಈಗಿನ ನಡೆಯನ್ನು ಕುರಿತು ವಿಚಾರಿಸಬೇಕು. ಅಲ್ಲಿಗೆ ಬರುವವರು ಮುಖ್ಯವಾಗಿ ಮೂರನ್ನು ಹುಡುಕಿಕೊಂಡು ಬರುವರು. ಒಂದು, ಗಂಟೆಗಂಟೆಗೆ ಗಡ್ಡದ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆಯನ್ನು ಬಾರಿಸುವ ಗಡಿಯಾರ. ಇನ್ನೊಂದು, ಮುಸುಕಿನ ರೆಬೆಕ್ಕಾ. ಮತ್ತೊಂದು, ಒಂದೇ ಮರದ ದಿಮ್ಮಿಯಲ್ಲಿ ಮುಂದೆ ಮೆಫಿಸ್ಟೋಫಿಲಿಸನನ್ನೂ ಹಿಂದೆ ಮಾರ್ಗರೆಟ್ಟಾಳನ್ನೂ ಕೆತ್ತಿ, ಹಿಂದಿನ ರೂಪವು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿಸಿರುವ ಪ್ರತಿಮೆ. ಕಟ್ಟುನಿಟ್ಟಾದ ವಿಮರ್ಶೆಯು ಈ ಮೂರನ್ನೂ ಕೌಶಲವೆಂದು ಕರೆಯುವುದೇ ಹೊರತು ಮಹಾಕಲೆಯೆಂದು ಕರೆಯಲಾರದು. ಕಲ್ಲಿನಲ್ಲಿ ಬಟ್ಟೆಯ ತೆಳುವನ್ನು ತೋರಿಸಿರುವುದು ಬೆರಗು. ಆ ಬೆರಗು ಇಳಿದ ಮೇಲೆ ಆ ಮುಖದಲ್ಲಿ ಭಾವವು ಎಷ್ಟು ಉಳಿಯುವುದೆಂಬುದು ಬೇರೆಯ ಪ್ರಶ್ನೆ. ಬೆಂಜೋನಿಯು ಈ ಪ್ರತಿಮೆಯ ಹಲವು ಪ್ರತಿಗಳನ್ನು ಮಾಡಿದ್ದನೆಂಬುದನ್ನೂ, ಅವುಗಳಲ್ಲಿ ಕೆಲವು ಅಮೇರಿಕೆಯಲ್ಲಿರುವುವೆಂಬುದನ್ನೂ ನೋಡುವವನಿಗೆ ತಿಳಿಸಬೇಕು. ಅದರಿಂದ ಆ ಪ್ರತಿಮೆಯ ಬೆಲೆಯು ತಗ್ಗುವುದಿಲ್ಲ. ನೋಡುವವನ ತಿಳಿವಳಿಕೆ ಹೆಚ್ಚುವುದು. ಹದಿನಾರನೆಯ ಲೂಯಿಯು ಟೀಪು ಸುಲ್ತಾನನಿಗೆ ಕಳುಹಿಸಿದುವೆಂದು ಹೇಳಲಾಗುವ ದಂತದ ಕುರ್ಚಿಗಳ ವಿಷಯದಲ್ಲಿಯೂ ಅಷ್ಟೆ. ಮನೆಯ ಯಜಮಾನನು ಅತಿಥಿಗೆ ‘ಇದು ಇಂಥ ಬಾದಶಹನದು’ ಎಂದರೆ ಅತಿಥಿಯು ತಲೆದೂಗಿ ಕೇಳುವನು. ಸಾಕ್ಷ್ಯವನ್ನು ಕೇಳುವುದು ಅವನಿಗೆ ಮರ್ಯಾದೆಯಲ್ಲ. ಸಂಗ್ರಹಾಲಯದಲ್ಲಿ ಕೇಳುವುದೇ ಮರ್ಯಾದೆ. ‘ಎನ್ನುವರು’ ಎಂಬುದಕ್ಕೂ ‘ತಿಳಿದಿದೆ’ ಎಂಬುದಕ್ಕೂ ನಡುವಣ ಅಂತರವನ್ನು ಚೀಟಿಯ ಮೇಲೆ ಬರೆಯುವ ಪ್ರಾಮಾಣಿಕತೆಯು ಸಂಗ್ರಹವು ಸಂಗ್ರಹಾಲಯವಾದುದರ ಕೊನೆಯ ಗುರುತು.

ಹಾಗೆಂದು ಗಡಿಯಾರದ ಮುಂದೆ ನೆರೆಯುವ ಗುಂಪನ್ನು ಕಂಡು ಪಂಡಿತರು ಮೂಗುಮುರಿಯುವುದು ಸರಿಯಲ್ಲ. ಗೊಂಬೆಯನ್ನು ನೋಡಲು ಬಂದ ಮಗುವು ಗೊಂಬೆಯನ್ನು ನೋಡಿಯೇ ಹೋಗಲಿ. ಅದು ಅದರ ಹಕ್ಕು. ಸಂಗ್ರಾಹಕರು ತಾವೇ ಆಟಿಕೆಗಳನ್ನು ಕೂಡಿಸಿದವರು. ಆದರೆ ಜಾಗಟೆಯ ಸದ್ದು ನಿಂತ ಮೇಲೆ ಆ ಗುಂಪು ಮುಂದೆ ಎಲ್ಲಿಗೆ ಹೋಗುವುದೆಂಬುದನ್ನು ಚಿಂತಿಸುವುದು ಸಂಗ್ರಹಾಲಯದ ಕೆಲಸ. ಅದೇ ಕಟ್ಟಡದಲ್ಲಿ ಬಿದರಿಯ ಕೋಣೆಯಿದೆ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಮೇಲೆ ಗೆರೆಕೊರೆದು, ಗೆರೆಯಲ್ಲಿ ಬೆಳ್ಳಿಯನ್ನು ಕೂಡಿಸಿ, ಬೀದರ ಕೋಟೆಯ ಮಣ್ಣಿನ ದ್ರಾವಣದಿಂದ ಕಪ್ಪಾಗಿಸಿದ ಹುಕ್ಕಾದ ಬುಡಗಳೂ ತಾಂಬೂಲದ ಕರಡಿಗೆಗಳೂ ಅಲ್ಲಿವೆ. ರೋಮಿನಿಂದ ಹಡಗಿನಲ್ಲಿ ಬಂದ ಕಲ್ಲಿಗಿಂತ ಆ ಕರಿಯ ಲೋಹದಲ್ಲಿ ಹೊಳೆಯುವ ಬೆಳ್ಳಿಯ ಬಳ್ಳಿಯು ಯಾವ ವಿಧದಲ್ಲಿಯೂ ಕಡಮೆಯಾದುದಲ್ಲ. ಔಚಿತ್ಯ, ಮಿತಿ, ರೇಖೆಯ ಓಟ ಇವುಗಳಲ್ಲಿ ಅದು ಎಷ್ಟೋ ಮೇಲು. ಅದನ್ನು ಮಾಡಿದ ಕುಶಲಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಬೆಂಜೋನಿಯ ಹೆಸರು ಉಳಿಯಿತು, ಬೀದರದ ಅಕ್ಕಸಾಲೆಯ ಹೆಸರು ಉಳಿಯಲಿಲ್ಲ. ಖಾಸಗಿ ಸಂಗ್ರಹಕ್ಕೆ ಈ ಪಕ್ಷಪಾತವು ಸಹಜ. ಕೊಳ್ಳುವವನು ಹೆಸರಿಗೂ ದೂರಕ್ಕೂ ಬೆಲೆಕೊಡುವನು. ಸಾರ್ವಜನಿಕ ಸಂಗ್ರಹಾಲಯವು ಅದನ್ನು ತಿದ್ದಬಲ್ಲುದು, ತಿದ್ದಬೇಕು. ಕೊಂಡವನ ಕಣ್ಣಿನಿಂದ ಮಾತ್ರವೇ ನೋಡುತ್ತಿರುವವರೆಗೆ ಅದು ಒಡೆಯನಿಲ್ಲದ ದೇವಡಿಯೇ ಸರಿ.

ಆದುದರಿಂದ ಖಾಸಗಿ ಸಂಗ್ರಹವು ಸಾರ್ವಜನಿಕವಾಗುವುದೆಂಬುದು ಒಂದು ದಿನದ ಸಮಾರಂಭವಲ್ಲ. ಮೊದಲು ವಸ್ತುಗಳು ಚದರದೆ ಉಳಿಯಬೇಕು. ಅದಕ್ಕೆ ಮರಣಶಾಸನವೋ ಕರಾರೋ ಕಾಯಿದೆಯೋ ಬೇಕು. ಬಳಿಕ ಅವುಗಳ ಎಣಿಕೆಯೂ ಪರೀಕ್ಷೆಯೂ ಆಗಬೇಕು. ಆಮೇಲೆ ಅವು ಕಣ್ಣಿಗೆ ಬೀಳಬೇಕು; ಅದೂ ಅಪರೂಪಕ್ಕೊಮ್ಮೆ ಅಲ್ಲ, ದಿನದಿನವೂ. ಕಟ್ಟಕಡೆಗೆ ಅವುಗಳ ಮೇಲಿನ ಮಾತು ಸತ್ಯವಾಗಿರಬೇಕು: ಮಾಡಿದವರು ಯಾರು, ಕೊಂಡವರು ಯಾರು, ಯಾರ ದುಡಿಮೆಯ ಹಣದಿಂದ ಕೊಂಡರು ಎಂಬ ಮೂರಕ್ಕೂ ಉತ್ತರವಿರಬೇಕು. ಸಾಲಾರ್ ಜಂಗ್ ಸಂಗ್ರಹಾಲಯವು ಇವುಗಳಲ್ಲಿ ಮೊದಲನೆಯದನ್ನು ಹತ್ತೊಂಬತ್ತು ವರ್ಷಗಳ ತಾಳ್ಮೆಯಿಂದ ಸಾಧಿಸಿತು. ಎರಡನೆಯದೂ ಮೂರನೆಯದೂ ಅದರ ನಿತ್ಯದ ಕೆಲಸ. ನಾಲ್ಕನೆಯದು ಯಾವ ಸಂಗ್ರಹಾಲಯಕ್ಕೂ ಎಂದೆಂದಿಗೂ ಮುಗಿಯದ ಕೆಲಸ.

ಕೊಪ್ಪಳದಿಂದ ಹೈದರಾಬಾದಿಗೆ ಹೋದ ಕುಟುಂಬವೊಂದು ಇಂದು ಚೀಟಿಯನ್ನು ಕೊಂಡು ಆ ಬಾಗಿಲನ್ನು ದಾಟಿದರೆ, ಅಜ್ಜನ ಕಾಲದಲ್ಲಿ ಕಂದಾಯವಾಗಿ ಹೋದುದರ ಒಂದು ಅಂಶವು ಮೊಮ್ಮಕ್ಕಳ ಕಣ್ಣಿಗೆ ಚೆಲುವಾಗಿ ಮರಳಿ ಬರುವುದು. ಅದು ಸಾಲಾರ್ ಜಂಗರ ಔದಾರ್ಯವೂ ಅಲ್ಲ, ಸರ್ಕಾರದ ಕೃಪೆಯೂ ಅಲ್ಲ. ತಡವಾಗಿ ಸಂದ ಪಾಲು. ಆ ಕುಟುಂಬದ ಹಿರಿಯನು ಅಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಆದರೆ ಆ ವಸ್ತುಗಳನ್ನು ಮುಂದಿನವರಿಗಾಗಿ ಕಾಪಾಡುವ ಹೊಣೆಯೂ ಹಕ್ಕಿನ ಜೊತೆಯಲ್ಲಿಯೇ ಅವನಿಗೆ ಸೇರಿತು. ಊರ ಕೆರೆಯಲ್ಲಿ ನೀರು ಮೊಗೆಯುವವರೆಲ್ಲರೂ ಹೂಳೆತ್ತುವುದಕ್ಕೂ ಬರಬೇಕೆಂಬುದು ಹಿಂದಿನಿಂದ ನಡೆದುಬಂದ ಕಟ್ಟಳೆ.